ತಿರುಗುವ ಶಾಫ್ಟು, ಹರಿಯುವ ಕರೆಂಟು

ಸೇಲಂ ಜಿಲ್ಲೆಯ ಕೊಳತ್ತೂರಿನ ತೋಟವೊಂದರಲ್ಲಿ ರೈತ ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾನೆ. ಬೋರಿನ ಆಳದಲ್ಲಿ, ನೀರಿನೊಳಗೆ ಮುಳುಗಿರುವ ಐದು ಎಚ್‌ಪಿ ಮೋಟರು ತಿರುಗತೊಡಗುತ್ತದೆ. ಅದೇ ಕ್ಷಣದಲ್ಲಿ ಮೆಟ್ಟೂರು ಅಣೆಕಟ್ಟಿನ ಬುಡದಲ್ಲಿರುವ ಜನರೇಟರುಗಳ ಶಾಫ್ಟಿಗೆ ಒಂದು ಎಳೆತ ತಗಲುತ್ತದೆ. ಮೆಟ್ಟೂರಿಗೆ ಮಾತ್ರವಲ್ಲ, ಆಗ ಗ್ರಿಡ್ಡಿಗೆ ಜೋಡಿಕೊಂಡು ತಿರುಗುತ್ತಿರುವ ದೇಶದ ಎಲ್ಲ ಜನರೇಟರುಗಳಿಗೂ ಅದು ಚೂರುಚೂರಾಗಿ ಹಂಚಿಕೆಯಾಗುತ್ತದೆ. ಯಾವ ಅಳತೆಗೂ ಸಿಗದಷ್ಟು ಸಣ್ಣ ಎಳೆತ. ಆದರೂ ಅದು ನಿಜವಾದ ಭಾರ, ಶಾಫ್ಟನ್ನು ಹಿಂದಕ್ಕೆ ಹಿಡಿಯುವ ಬಲ.

ಎಂಜಿನಿಯರುಗಳು ಎಲೆಕ್ಟ್ರೋಮೆಕ್ಯಾನಿಕಲ್ ಎಂದೂ ನಮ್ಮ ಪಠ್ಯಪುಸ್ತಕಗಳು ವಿದ್ಯುತ್-ಯಾಂತ್ರಿಕ ಎಂದೂ ಕರೆಯುವುದು ಈ ಸಂಬಂಧವನ್ನು. ಒಂದೇ ಪೆಟ್ಟಿಗೆಯಲ್ಲಿ ಒಂದಿಷ್ಟು ತಂತಿಯೂ ಒಂದಿಷ್ಟು ಹಲ್ಲುಚಕ್ರವೂ ಇದ್ದರೆ ಅದು ವಿದ್ಯುತ್-ಯಾಂತ್ರಿಕವಾಗುವುದಿಲ್ಲ. ಕರೆಂಟು ಚಲನೆಯನ್ನು ಹುಟ್ಟಿಸಬೇಕು, ಇಲ್ಲವೇ ಚಲನೆ ಕರೆಂಟನ್ನು ಹುಟ್ಟಿಸಬೇಕು. ಇನ್ನೂ ಮುಖ್ಯವಾದ ಮಾತೆಂದರೆ, ಇವೆರಡೂ ಒಂದನ್ನೊಂದು ತಡೆದು ಹಿಡಿಯಬೇಕು. ಈ ತಡೆಯನ್ನು ಅರ್ಥ ಮಾಡಿಕೊಂಡವರಿಗೆ ಬಾವಿಯ ಪಂಪ್‌ಸೆಟ್ಟು, ಮನೆಯ ಹಳೆಯ ಮೀಟರು, ಇಡೀ ದೇಶದ ಗ್ರಿಡ್ಡು ಮೂರೂ ಒಂದೇ ಪಾಠದ ಭಾಗಗಳಾಗಿ ಕಾಣುತ್ತವೆ.

ಹಳೆಯ ಸೈಕಲ್ಲಿನ ಡೈನಮೋ ನೆನಪಿರುವವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ. ದೀಪದ ತಂತಿ ಬಿಚ್ಚಿಟ್ಟು ಡೈನಮೋವನ್ನು ಚಕ್ರಕ್ಕೆ ತಾಗಿಸಿದರೆ ಪೆಡಲು ತುಸುವೇ ಭಾರವಾಗುತ್ತದೆ. ದೀಪ ಹತ್ತಿಸಿದ ಕೂಡಲೇ ಕಾಲಿಗೆ ಇನ್ನಷ್ಟು ಭಾರ. ಡೈನಮೋ ಬದಲಾಗಿಲ್ಲ, ರಸ್ತೆ ಬದಲಾಗಿಲ್ಲ, ಸುರುಳಿಯಲ್ಲಿ ಕರೆಂಟು ಹರಿದಿದೆ ಅಷ್ಟೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡಂತೆ ಸುರುಳಿಯ ಪಕ್ಕದಲ್ಲಿ ಅಯಸ್ಕಾಂತ ಚಲಿಸಿದರೆ ವೋಲ್ಟೇಜು ಹುಟ್ಟುತ್ತದೆ. 1834ರಲ್ಲಿ ಹೈನ್ರಿಕ್ ಲೆಂಜ್ ಹೇಳಿದಂತೆ ಆ ವೋಲ್ಟೇಜಿನಿಂದ ಹರಿಯುವ ಕರೆಂಟು, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಹಾಗೆ ವಿರೋಧಿಸದೇ ಇದ್ದಿದ್ದರೆ ಒಮ್ಮೆ ತಿರುವಿಬಿಟ್ಟ ಡೈನಮೋ ಬಿಟ್ಟಿಯಾಗಿ ಬೆಳಕು ಕೊಡುತ್ತಲೇ ಇರುತ್ತಿತ್ತು. ಶಕ್ತಿಯ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಈ ವಿರೋಧವೇ.

ಮೋಟರಿನಲ್ಲಿ ನಡೆಯುವುದೂ ಇದೇ, ತಿರುಗುಮುರುಗಾಗಿ. ಕರೆಂಟು ಹರಿಯುವ ತಂತಿಯನ್ನು ಅಯಸ್ಕಾಂತ ಕ್ಷೇತ್ರದಲ್ಲಿಟ್ಟರೆ ಅದರ ಮೇಲೆ ಬಲ ಬೀಳುತ್ತದೆ, ಶಾಫ್ಟು ತಿರುಗುತ್ತದೆ. ತಿರುಗತೊಡಗಿದೊಡನೆ ಮೋಟರು ತಾನೇ ಒಂದು ಜನರೇಟರಿನಂತೆ ಎದುರು ವೋಲ್ಟೇಜು ಹುಟ್ಟಿಸಿಕೊಂಡು, ಒಳಗೆ ಬರುವ ಕರೆಂಟಿಗೆ ಕಡಿವಾಣ ಹಾಕುತ್ತದೆ. ಹಾಗಾಗಿ ಮೋಟರು, ಜನರೇಟರು ಎಂಬುವು ಎರಡು ಯಂತ್ರಗಳಲ್ಲ, ಒಂದೇ ಯಂತ್ರದ ಎರಡು ದಿಕ್ಕುಗಳು. 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಇದನ್ನು ಲೋಕಕ್ಕೆ ತೋರಿಸಿಕೊಟ್ಟವನು ಇಪಾಲಿತ್ ಫಾಂತೇನ್. ಗ್ರಾಮ್ ಕಂಪನಿಯ ಎರಡು ಜನರೇಟರುಗಳನ್ನು ತಂತಿಯಿಂದ ಜೋಡಿಸಿ ಒಂದನ್ನು ತಿರುಗಿಸಿದಾಗ ಇನ್ನೊಂದು ಮೋಟರಾಗಿ ತಿರುಗಿತು. ಆ ಮೋಟರಿಗೆ ಅವನು ಕಟ್ಟಿದ್ದು ಒಂದು ನೀರೆತ್ತುವ ಪಂಪನ್ನು. ಇಂದು ಸೇಲಂ ಜಿಲ್ಲೆಯ ತೋಟಗಳಲ್ಲಿ ನಡೆಯುತ್ತಿರುವ ಕೆಲಸದ ಮೊದಲ ಪ್ರದರ್ಶನವೇ ಅದು.

ಕಾವೇರಿಯ ದಂಡೆಯ ಕನ್ನಡಿಗರಿಗೆ ಈ ವಿದ್ಯೆ ಬೇಗನೇ ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹೊರಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಎಲೆಕ್ಟ್ರಿಕ್ ದೀಪ ಎಂಬುದು ಆಮೇಲಿನ ಮಾತು, ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರ ಆಗಸ್ಟ್‌ನಲ್ಲಿ. ಮೊದಲಿಗೆ ಬೇಕಾಗಿದ್ದುದು ಬೆಳಕಲ್ಲ, ತಿರುಗುವಿಕೆ. ಗಣಿಯಲ್ಲಿ ಅದಿರು ಕುಟ್ಟಬೇಕು, ತೊಟ್ಟಿಲು ಎಳೆಯಬೇಕು, ಆಳದ ನೀರು ಎತ್ತಬೇಕು. ತಿರುಗುವಿಕೆ ಇದ್ದದ್ದು ಜಲಪಾತದ ಬಳಿ, ಅದು ಬೇಕಾದದ್ದು ಕೋಲಾರದಲ್ಲಿ. ನೀರಿನ ಚಕ್ರದ ಬಲವನ್ನು ಬೆಲ್ಟು, ಹಗ್ಗ, ಕಬ್ಬಿಣದ ದಂಡಗಳಿಂದ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ಒಯ್ಯಬಹುದಿತ್ತು. ಚಲನೆಯನ್ನು ಕರೆಂಟಾಗಿಸಿ, 35,000 ವೋಲ್ಟಿನ ತಂತಿಯ ಮೇಲೆ ಕಳಿಸಿ, ಅಲ್ಲಿ ಮತ್ತೆ ಚಲನೆಯಾಗಿಸಿದ್ದರಿಂದ ಕಾವೇರಿ ಕೋಲಾರದ ಗಣಿಯಲ್ಲಿ ದುಡಿಯುವಂತಾಯಿತು. ಬೇಸಗೆಯಲ್ಲೂ ಆ ಟರ್ಬೈನುಗಳಿಗೆ ನೀರು ತಪ್ಪಬಾರದೆಂಬುದು ಕನ್ನಂಬಾಡಿ ಕಟ್ಟೆಗೆ ಇದ್ದ ಕಾರಣಗಳಲ್ಲೊಂದು.

ಅದೇ ನೀರು ಶಿವನಸಮುದ್ರ ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ, ಮೆಟ್ಟೂರಿನ ಸ್ಟ್ಯಾನ್ಲಿ ಜಲಾಶಯದಲ್ಲಿ ಬಂದು ನಿಲ್ಲುತ್ತದೆ. 1924ರಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವೆ ಆದ ಒಪ್ಪಂದದ ನಂತರ ಕೆಲಸ ಶುರುವಾಗಿ, 1934ರಲ್ಲಿ ಅಣೆಕಟ್ಟು ಮುಗಿಯಿತು. 120 ಅಡಿಯ ಮಟ್ಟಕ್ಕೆ ತುಂಬಿದರೆ 93.47 ಟಿಎಂಸಿ ನೀರು. ಕೊಳತ್ತೂರು ಈ ನೀರಿನ ಪಡುವಣ ದಡದ ಸೀಮೆ. ಒಂದು ಕಡೆ ಪಾಲಮಲೆ, ಇನ್ನೊಂದು ಕಡೆ ಹಿನ್ನೀರು, ಹಿನ್ನೀರಿನ ಆಚೆ ಧರ್ಮಪುರಿ ಜಿಲ್ಲೆ. ಮೆಟ್ಟೂರಿನಿಂದ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸುಗಳು ಇದೇ ಊರನ್ನು ದಾಟಿ ಪಾಲಾರಿನತ್ತ ಏರುತ್ತವೆ. ಆ ದಾರಿಯುದ್ದಕ್ಕೂ ಕನ್ನಡ ತಮಿಳು ಎರಡೂ ಕಿವಿಗೆ ಬೀಳುತ್ತವೆ, ಕೆಲವು ಸಲ ಒಂದೇ ವಾಕ್ಯದಲ್ಲಿ.

ಮೆಟ್ಟೂರಿನ ಅಣೆಕಟ್ಟೆಯ ವಿದ್ಯುದಾಗಾರ 1937ರಲ್ಲಿ ಕೆಲಸ ಶುರುಮಾಡಿ, ತಲಾ 10 ಮೆಗಾವಾಟಿನ ನಾಲ್ಕು ಯಂತ್ರಗಳಿಗೆ ಬೆಳೆಯಿತು. 1960ರ ದಶಕದ ನಡುವಿನಲ್ಲಿ ಸುರಂಗದ ವಿದ್ಯುದಾಗಾರ ಬಂತು, ತಲಾ 50 ಮೆಗಾವಾಟಿನ ಇನ್ನೂ ನಾಲ್ಕು. ಇಂಥ ಯೋಜನೆಗಳ ಟೆಂಡರು ಕಾಗದಗಳಲ್ಲಿ ಕೆಲಸವನ್ನು ಮೂರು ಪಾಲು ಮಾಡುವ ರೂಢಿಯಿದೆ. ಕಲ್ಲು, ಕಾಂಕ್ರೀಟು, ಸುರಂಗ ಸಿವಿಲ್ ಪಾಲಿಗೆ. ಬಾಗಿಲುಗಳು, ನೀರಿನ ದೊಡ್ಡ ಕೊಳವೆಗಳು ಹೈಡ್ರೋಮೆಕ್ಯಾನಿಕಲ್ ಪಾಲಿಗೆ. ಟರ್ಬೈನು, ಅದರ ವೇಗ ಕಾಯುವ ಗವರ್ನರು, ಜನರೇಟರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಯಾರ್ಡು ಎಲ್ಲ ಎಲೆಕ್ಟ್ರೋಮೆಕ್ಯಾನಿಕಲ್ ಪಾಲಿಗೆ. ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಟ್ರಾನ್ಸ್‌ಫಾರ್ಮರು ಆ ಪಟ್ಟಿಯಲ್ಲಿರಬಾರದು, ಅದರ ಮುಖ್ಯ ಕೆಲಸಕ್ಕೆ ಚಲನೆಯ ಹಂಗೇ ಇಲ್ಲ. ಆದರೂ ಕಿವಿಗೊಟ್ಟು ಕೇಳಿ: ಅದು ಗುಂಯ್‌ಗುಡುತ್ತದೆ. ಸೆಕೆಂಡಿಗೆ 50 ಆವರ್ತನದ ಕರೆಂಟು ಅದರ ಕಬ್ಬಿಣದ ತಗಡುಗಳನ್ನು ಸೆಕೆಂಡಿಗೆ 100 ಸಲ ಕೂದಲೆಳೆಗಿಂತಲೂ ಸಣ್ಣಗೆ ಹಿಗ್ಗಿಸಿ ಕುಗ್ಗಿಸುತ್ತದೆ. ಚಲನೆ ಬೇಡವೆಂದರೂ ಕರೆಂಟು ಚಲನೆಯನ್ನು ಹುಟ್ಟಿಸಿಯೇ ತೀರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನೀರು 40 ಮೀಟರ್ ಎತ್ತರದಿಂದ ಬೀಳುತ್ತಿದೆ, ಟರ್ಬೈನು ಜನರೇಟರು ಸೇರಿ ನೂರರಲ್ಲಿ ತೊಂಬತ್ತು ಪಾಲು ಶಕ್ತಿಯನ್ನು ಹಿಡಿದುಕೊಳ್ಳುತ್ತವೆ ಎಂದಿಟ್ಟುಕೊಂಡರೆ, 10 ಮೆಗಾವಾಟಿಗೆ ಸೆಕೆಂಡಿಗೆ ಸುಮಾರು 28 ಘನ ಮೀಟರ್ ನೀರು ಬೇಕು. ಪತ್ರಿಕೆಗಳ ಭಾಷೆಯಲ್ಲಿ ಅದು ಸುಮಾರು 1,000 ಕ್ಯೂಸೆಕ್. ಎತ್ತರ ಅರ್ಧವಾದರೆ ಅದೇ ಸಾವಿರ ಕ್ಯೂಸೆಕ್ಕಿಗೆ ಹೆಚ್ಚೆಂದರೆ 5 ಮೆಗಾವಾಟು. ಬರಗಾಲದಲ್ಲಿ ಹಿನ್ನೀರು ಇಳಿದು, ಪಣ್ಣವಾಡಿಯ ಬಳಿ ಮುಳುಗಿರುವ ಜಲಕಂಠೇಶ್ವರನ ಗುಡಿಯ ನಂದಿ ಹೊರಗೆ ಕಾಣಿಸಿಕೊಂಡಾಗ ಜನ ನೋಡಲು ಹೋಗುತ್ತಾರೆ. ವಿದ್ಯುದಾಗಾರದವರಿಗೆ ಆ ನಂದಿ ಹೇಳುವ ಸುದ್ದಿ ಬೇರೆ: ಬಿಟ್ಟ ಪ್ರತಿ ಕ್ಯೂಸೆಕ್ಕೂ ಈಗ ಶಾಫ್ಟನ್ನು ಮೊದಲಿಗಿಂತ ಮೆಲ್ಲಗೆ ತಳ್ಳುತ್ತಿದೆ. ನೀರನ್ನು ಯಾವಾಗ ಬಿಡಬೇಕೆಂಬ ತೀರ್ಮಾನವೂ ಅವರದಲ್ಲ. ಮೆಟ್ಟೂರಿನ ನೀರು ಮೊದಲು ತಂಜಾವೂರಿನ ಗದ್ದೆಗಳದ್ದು, ರೂಢಿಯಂತೆ ಜೂನ್ 12ಕ್ಕೆ ಬಾಗಿಲು ತೆರೆಯಬೇಕು. ಗದ್ದೆಗೆ ಹೋಗುವ ನೀರು ದಾರಿಯಲ್ಲಿ ಟರ್ಬೈನು ತಿರುಗಿಸಿ ಹೋಗುತ್ತದೆ. ಕೆಳಗೆ ಚೆಕ್ಕಾನೂರಿನಿಂದ ಶುರುವಾಗುವ ನಾಲ್ಕು ಬ್ಯಾರೇಜುಗಳಲ್ಲಿ ಅದೇ ನೀರು ಮತ್ತೆ ಮತ್ತೆ ದುಡಿಯುತ್ತದೆ. ಅಲ್ಲಿ ಬೀಳುವ ಎತ್ತರ ಕೆಲವೇ ಮೀಟರು. ಅದಕ್ಕಾಗಿ ಬಲ್ಬ್ ಟರ್ಬೈನು ಎಂಬ ಜಾಣ ಯಂತ್ರ ಇಟ್ಟಿದ್ದಾರೆ. ಉಕ್ಕಿನ ದೊಡ್ಡ ಗುಳ್ಳೆಯೊಳಗೆ ಜನರೇಟರನ್ನು ಭದ್ರವಾಗಿ ಮುಚ್ಚಿ, ಆ ಗುಳ್ಳೆಯನ್ನೇ ಹರಿಯುವ ನೀರಿನ ನಡುವೆ ನಿಲ್ಲಿಸಿರುತ್ತಾರೆ. ನೀರು ಸುತ್ತಲೂ ಹರಿದು ಹಿಂದಿನ ರೆಕ್ಕೆಗಳನ್ನು ತಿರುಗಿಸುತ್ತದೆ.

ಈಗ ಮತ್ತೆ ಬೋರಿಗೆ ಬರೋಣ. ಈ ವಿಷಯವನ್ನು ಕಾಲೇಜಿನ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಬಲ್ಲವರು ವೈಂಡಿಂಗ್ ಅಂಗಡಿಯವರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಟ್ಟ ಮೋಟರು ಬೆಂಚಿನ ಮೇಲೆ ಬಂದಾಗ ಅವರು ಮೊದಲು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ, ಆಮೇಲೆ ಕಾಯಿಲು ನೋಡುತ್ತಾರೆ. ಬುಷ್ ಸವೆದು, ತಿರುಗುವ ಭಾಗವಾದ ರೋಟರು ಪಕ್ಕಕ್ಕೆ ವಾಲಿ, ತಿರುಗದ ಭಾಗವಾದ ಸ್ಟೇಟರಿಗೆ ಉಜ್ಜಿದೆಯೇ? ಮರಳು ಸಿಕ್ಕಿ ಪಂಪು ಬಿಗಿದುಕೊಂಡಿದೆಯೇ? ಇವು ಯಾಂತ್ರಿಕ ದೋಷಗಳು, ಆದರೆ ಸುಡುವುದು ತಂತಿ. ಕಾರಣ ಆಗಲೇ ಹೇಳಿದ ಎದುರು ವೋಲ್ಟೇಜು. ತಿರುಗುವ ಮೋಟರು ತನ್ನ ಕರೆಂಟಿಗೆ ತಾನೇ ಕಡಿವಾಣ. ತಿರುಗದೆ ಬಿಗಿದ ಮೋಟರಿಗೆ ಆ ಕಡಿವಾಣವಿಲ್ಲ. ಆಗ ಮಾಮೂಲಿನ ಐದಾರು ಪಟ್ಟು ಕರೆಂಟು ಒಳಗೆ ನುಗ್ಗುತ್ತದೆ. ತಂತಿಯ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆರು ಪಟ್ಟು ಕರೆಂಟೆಂದರೆ ಮೂವತ್ತಾರು ಪಟ್ಟು ಕಾವು. ತಂತಿಗೆ ಸುತ್ತಿದ ಪ್ಲಾಸ್ಟಿಕ್ ಹೊದಿಕೆ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದೆ.

ದೋಷ ವಿದ್ಯುತ್ತಿನ ಕಡೆಯಿಂದಲೂ ಬರುತ್ತದೆ. "ಏನಣ್ಣ, ಒಂದು ಫೇಸು ಹೋಗಿತ್ತಾ?" ಎಂದು ಮೆಕ್ಯಾನಿಕ್ಕು ಕೇಳುವುದು ಊಹೆಯ ಮೇಲಲ್ಲ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಒಂದು ಫೇಸು ಕಡಿದುಹೋದರೆ ಉಳಿದೆರಡು ಫೇಸಿನ ಕಾಯಿಲುಗಳು ಕರಕಲಾಗಿ, ಮೂರನೆಯದು ಹೊಸದರಂತೆ ಉಳಿದಿರುತ್ತದೆ. ಡೆಲ್ಟಾ ಜೋಡಣೆಯಲ್ಲಾದರೆ ಒಂದೇ ಸುಟ್ಟಿರುತ್ತದೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡು ಅಥವಾ ಲೋ ವೋಲ್ಟೇಜು. ಲೋ ವೋಲ್ಟೇಜಿನ ಲೆಕ್ಕ ರೈತರ ಪಾಲಿಗೆ ಕಠಿಣವಾದದ್ದು: ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜು ನೂರರಲ್ಲಿ ಎಂಬತ್ತಕ್ಕೆ ಇಳಿದರೆ ತಿರುಚುಬಲ ಅರವತ್ತನಾಲ್ಕಕ್ಕೆ ಇಳಿದಿರುತ್ತದೆ. ಎತ್ತಬೇಕಾದ ನೀರಿನ ಭಾರವೋ ಅಷ್ಟೇ ಇದೆ. ಕೊರತೆ ತುಂಬಿಸಿಕೊಳ್ಳಲು ಮೋಟರು ತುಸು ನಿಧಾನವಾಗಿ ತಿರುಗುತ್ತಾ ಹೆಚ್ಚು ಕರೆಂಟು ಎಳೆಯುತ್ತದೆ, ಕಾಯುತ್ತದೆ. ಸಂಜೆ ಲೈನಿನ ಕೊನೆಯ ತೋಟದಲ್ಲಿ ಮೋಟರು ಏಕೆ ಹೆಚ್ಚು ಸುಡುತ್ತದೆ ಎಂಬುದಕ್ಕೆ ಉತ್ತರ ಇಷ್ಟೇ.

ಸ್ಟಾರ್ಟರಿನ ಪೆಟ್ಟಿಗೆಯೂ ಈ ಕುಲದ್ದೇ. ಹಸಿರು ಗುಂಡಿ ಒತ್ತಿದಾಗ 'ಟಕ್' ಎನ್ನುವುದು ಒಳಗಿನ ಕಾಯಿಲು ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದು ಮೂರೂ ಫೇಸುಗಳನ್ನು ಕೂಡಿಸಿದ ಸದ್ದು. ಕರೆಂಟು ಹೋದರೆ ಕಾಯಿಲಿನ ಬಲ ಹೋಗಿ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ, ಕರೆಂಟು ಮತ್ತೆ ಬಂದರೂ ಯಾರೂ ಒತ್ತದೆ ಮೋಟರು ಶುರುವಾಗುವುದಿಲ್ಲ. ವೋಲ್ಟೇಜು ತೀರ ಕುಸಿದಾಗ ಆ ತುಂಡು ಹಿಡಿಯಲೂ ಆಗದೆ ಬಿಡಲೂ ಆಗದೆ ಕಟಕಟ ಎನ್ನುತ್ತದೆ. ಓವರ್‌ಲೋಡ್ ರಿಲೇಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಕಾವಿಗೆ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ.

ಸ್ಟಾರ್ಟರಿನ ಕಾಯಿಲಿನಂತೆಯೇ ಕರೆಂಟು ಬಂದಾಗ ಕಬ್ಬಿಣವನ್ನು ಎಳೆಯುವ ಪುಟ್ಟ ರಿಲೇಗಳನ್ನು ಸಾವಿರಗಟ್ಟಲೆ ಜೋಡಿಸಿ ಮನುಷ್ಯರು ಲೆಕ್ಕವನ್ನೇ ಮಾಡಿಸಿದರು. 1941ರಲ್ಲಿ ಬರ್ಲಿನ್‌ನಲ್ಲಿ ಕೊನ್ರಾಡ್ ಸೂಸೆ ಕಟ್ಟಿದ ಗಣಕ ರಿಲೇಗಳಿಂದಲೇ ಆದದ್ದು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ತಯಾರಿಸಿದ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ನೀವು ಡಯಲ್ ತಿರುಗಿಸಿದ ಪ್ರತಿ ಅಂಕಿಗೂ ಎಲ್ಲೋ ಒಂದು ಲೋಹದ ಕೈ ಮೆಟ್ಟಿಲು ಮೆಟ್ಟಿಲಾಗಿ ಏರಿ, ಸುತ್ತಿ, ಸರಿಯಾದ ತಂತಿಯನ್ನು ಮುಟ್ಟುತ್ತಿತ್ತು. ಎಲೆಕ್ಟ್ರಾನಿಕ್ಸ್ ಬಂದು ಅವೆಲ್ಲ ಹೋದವು. ಮನೆಯ ಮೀಟರೂ ಹಾಗೆಯೇ ಹೋಯಿತು. ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿದ್ದ ಆ ಹಳೆಯ ಮೀಟರನ್ನು ಇಲಾಖೆಯ ಕಾಗದಗಳು ಈಗಲೂ ಎಲೆಕ್ಟ್ರೋಮೆಕ್ಯಾನಿಕಲ್ ಮೀಟರ್ ಎಂದೇ ಬರೆಯುತ್ತವೆ, 2006ರ ಕೇಂದ್ರ ನಿಯಮಗಳು ಬಯಸಿದ ಚಲನೆಯಿಲ್ಲದ ಸ್ಟಾಟಿಕ್ ಮೀಟರಿನಿಂದ ಬೇರೆ ಮಾಡಿ ಹೇಳಲು. ಆ ತಟ್ಟೆಗೆ ಎರಡು ಬಲ. ಮನೆಯ ಕರೆಂಟು ಮತ್ತು ವೋಲ್ಟೇಜಿನ ಸುರುಳಿಗಳು ಅದನ್ನು ಮುಂದಕ್ಕೆ ತಳ್ಳುತ್ತವೆ, ಪಕ್ಕದಲ್ಲಿಟ್ಟ ಶಾಶ್ವತ ಅಯಸ್ಕಾಂತ ಹಿಂದಕ್ಕೆ ಹಿಡಿಯುತ್ತದೆ. ಹಿಡಿತ ವೇಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ಬಳಸಿದ ಶಕ್ತಿಗೆ ಸರಿಯಾಗಿ ಹೊಂದುವ ವೇಗದಲ್ಲೇ ತಟ್ಟೆ ನೆಲೆಗೊಳ್ಳುತ್ತದೆ. ಲೆಂಜ್ ಹೇಳಿದ ವಿರೋಧವನ್ನೇ ತಕ್ಕಡಿಯಾಗಿ ಬಳಸಿಕೊಂಡ ಸುಂದರ ಉಪಾಯವದು. ಅದು ಮೂಲೆ ಸೇರಿದ್ದಕ್ಕೆ ನನಗೆ ಬೇಸರವಿದೆ. ತಟ್ಟೆ ಜೋರಾಗಿ ತಿರುಗುವುದನ್ನು ಕಂಡು ಮನೆಯ ಹಿರಿಯರು ಎದ್ದು ಹೋಗಿ ಬೇಡದ ಸ್ವಿಚ್ಚು ಆರಿಸುತ್ತಿದ್ದರು, ಅಂಕಿ ಮಿನುಗುವ ಪರದೆ ಯಾರನ್ನೂ ಹಾಗೆ ಎಬ್ಬಿಸುವುದಿಲ್ಲ.

ಆದರೆ ದೊಡ್ಡ ಯಂತ್ರಗಳನ್ನು ಹಾಗೆ ಮೂಲೆಗಿಡಲಾಗುವುದಿಲ್ಲ. ಗ್ರಿಡ್ಡಿನ ಮೂಲ ಶಿಸ್ತು ನಿಂತಿರುವುದೇ ತಿರುಗುವ ಶಾಫ್ಟುಗಳ ಮೇಲೆ. ಜನರೇಟರಿನ ಧ್ರುವಗಳ ಸಂಖ್ಯೆಯೂ ವೇಗವೂ ಸೇರಿ ಆವರ್ತನವನ್ನು ತೀರ್ಮಾನಿಸುತ್ತವೆ: 24 ಧ್ರುವಗಳ ಯಂತ್ರ ನಿಮಿಷಕ್ಕೆ ಸರಿಯಾಗಿ 250 ಸುತ್ತು ತಿರುಗಿದರೆ 50 ಹರ್ಟ್ಸ್. ಶಿವನಸಮುದ್ರದ ಮೊದಲ ಯಂತ್ರಗಳದ್ದು 25 ಹರ್ಟ್ಸ್, ನಯಾಗರದಲ್ಲಿದ್ದಂತೆ. ಗಣಿಯ ನಿಧಾನದ ಮೋಟರುಗಳಿಗೆ ಅದು ಒಳ್ಳೆಯದು, ದೀಪಗಳಿಗೆ ಮಿಣುಕು. ಇಂದು ಇಡೀ ದೇಶಕ್ಕೆ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದೊಂದಿಗೆ ಕೂಡಿಕೊಂಡಿತು. ಅದಕ್ಕೂ ಮೊದಲು, 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ಕೊಳತ್ತೂರಿಗೂ ಬೆಂಗಳೂರಿಗೂ ಅದು ತಟ್ಟದೆ ಹೋದದ್ದು ಈ ಕೂಡಿಕೆ ಆಗ ಇರಲಿಲ್ಲವೆಂಬ ಕಾರಣಕ್ಕೇ. ಈಗ ಮೆಟ್ಟೂರಿನ ರೋಟರೂ ಹಿಮಾಚಲದ ರೋಟರೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ಹೆಜ್ಜೆ ಹಾಕುತ್ತವೆ. ಒಂದು ದಣಿದರೆ ಉಳಿದವು ಆ ಭಾರವನ್ನು ಹೊರುತ್ತವೆ, ಎಲ್ಲದರ ನಡಿಗೆಯೂ ತುಸು ನಿಧಾನವಾಗುತ್ತದೆ.

ಮೊದಲ ಪ್ಯಾರಾದಲ್ಲಿ ಹೇಳಿದ ಎಳೆತದ ಕಥೆ ಇಲ್ಲಿಗೆ ಬರುತ್ತದೆ. ಸಾವಿರಾರು ಪಂಪುಗಳು ಒಟ್ಟಿಗೆ ಶುರುವಾದಾಗ ಹೆಚ್ಚುವರಿ ಶಕ್ತಿ ಮೊದಲು ಬರುವುದು ನೀರಿನಿಂದಲೂ ಅಲ್ಲ, ಕಲ್ಲಿದ್ದಲಿನಿಂದಲೂ ಅಲ್ಲ. ತಿರುಗುವ ರೋಟರುಗಳಲ್ಲಿ ಆಗಲೇ ಕೂಡಿಟ್ಟ ಚಲನಶಕ್ತಿಯಿಂದ. ಅವು ಕೂದಲೆಳೆಯಷ್ಟು ನಿಧಾನವಾಗುತ್ತವೆ, ಆವರ್ತನ ಇಳಿಯುತ್ತದೆ. ಕೆಲವು ಸೆಕೆಂಡುಗಳಲ್ಲಿ ಗವರ್ನರುಗಳು ಆ ಇಳಿತವನ್ನು ಕಂಡು ಟರ್ಬೈನಿನ ನೀರುಬಾಗಿಲನ್ನು ಇನ್ನಷ್ಟು ತೆರೆಯುತ್ತವೆ. ಭಾರತದ ನಿಯಮದ ಪ್ರಕಾರ ಆವರ್ತನ 49.90 ಮತ್ತು 50.05ರ ನಡುವೆ ಇರಬೇಕು. ಬೋರಿನ ಮೋಟರುಗಳೂ ಸುಮ್ಮನಿರುವುದಿಲ್ಲ. ಆವರ್ತನ ನೂರರಲ್ಲಿ ಒಂದು ಪಾಲು ಇಳಿದರೆ ಅವುಗಳ ವೇಗವೂ ಅಷ್ಟೇ ಇಳಿಯುತ್ತದೆ. ಪಂಪು ಬೇಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಬೇಡಿಕೆ ಹೆಚ್ಚುಕಡಿಮೆ ಮೂರು ಪಾಲು ತಗ್ಗುತ್ತದೆ. ಯಾರೂ ಹೇಳದೆಯೇ ಪಂಪುಗಳು ಗ್ರಿಡ್ಡಿನ ಭಾರವನ್ನು ಇಳಿಸುತ್ತವೆ. ಸೌರ ಫಲಕಕ್ಕೆ ತಿರುಗುವ ರೋಟರಿಲ್ಲ, ಕೂಡಿಟ್ಟ ಚಲನಶಕ್ತಿಯಿಲ್ಲ. ಪಾವಗಡದಂಥ ಸೌರ ಪಾರ್ಕುಗಳು ಬೆಳೆದಂತೆ ಗ್ರಿಡ್ಡು ನಡೆಸುವವರ ಚಿಂತೆಯೂ ಬೆಳೆದಿರುವುದು ಇದಕ್ಕೇ. ಕೊಯಮತ್ತೂರು ಜಿಲ್ಲೆಯ ಕಡಂಪಾರೈಯಂಥ 400 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಘಟಕಗಳಿಗೆ ಈಗ ಬೆಲೆ ಏರಿರುವುದೂ ಇದಕ್ಕೇ: ಒಂದೇ ಯಂತ್ರ ಮಿಗುತೆ ಕರೆಂಟಿದ್ದಾಗ ಮೋಟರಾಗಿ ನೀರು ಮೇಲೆತ್ತುತ್ತದೆ, ಕೊರತೆ ಬಿದ್ದಾಗ ಜನರೇಟರಾಗಿ ಅದೇ ನೀರಿನಿಂದ ತಿರುಗುತ್ತದೆ.

ತೋಟದಲ್ಲೇ ಫಲಕ ನಿಲ್ಲಿಸಿ ಬೋರಿಗೆ ಜೋಡಿಸುವ ಸೌರ ಪಂಪುಗಳನ್ನು 2019ರಿಂದ ಕುಸುಮ್ ಯೋಜನೆ ಊರೂರಿಗೆ ತಲುಪಿಸುತ್ತಿದೆ. ಅವುಗಳನ್ನು ಕೊಳ್ಳುವ ಮುಂಚೆ ರೈತರು ತಿಳಿದಿರಬೇಕಾದ ಲೆಕ್ಕವೊಂದಿದೆ. ಅಲ್ಲಿ ಗ್ರಿಡ್ಡಿನ 50 ಹರ್ಟ್ಸಿನ ಹಂಗಿಲ್ಲ, ಬಿಸಿಲು ಏರಿದಂತೆ ಕಂಟ್ರೋಲರು ಮೋಟರಿನ ವೇಗವನ್ನು ಏರಿಸುತ್ತಾ ಹೋಗುತ್ತದೆ. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಎಂಬುದು ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಪೂರ್ಣ ವೇಗದಲ್ಲಿ ಹೆಚ್ಚೆಂದರೆ 300 ಅಡಿ ತಳ್ಳುವ ಪಂಪು ಮುಕ್ಕಾಲು ವೇಗದಲ್ಲಿ 169 ಅಡಿ ಮಾತ್ರ ತಳ್ಳಬಲ್ಲದು. ನೀರು 200 ಅಡಿ ಆಳದಲ್ಲಿದ್ದರೆ ಬೆಳಗಿನ ಎಳೆಬಿಸಿಲಿಗೆ ಮೋಟರು ತಿರುಗುತ್ತಲೇ ಇರುತ್ತದೆ, ಪೈಪಿನ ಬಾಯಿಗೆ ಮಾತ್ರ ಹನಿ ನೀರೂ ಬರುವುದಿಲ್ಲ. ವೇಗ ಪೂರ್ಣದ ನೂರರಲ್ಲಿ ಎಂಬತ್ತೆರಡು ಪಾಲು ದಾಟಿದ ಮೇಲೆಯೇ ಮೊದಲ ನೀರು. ಹಾಗಾಗಿ ಫಲಕದ ಅಳತೆ ಕೇಳುವ ಮೊದಲು ಬೇಸಗೆಯ ಕೊನೆಯಲ್ಲಿ ತಮ್ಮ ಬೋರಿನ ನೀರು ಎಷ್ಟು ಅಡಿಗೆ ಇಳಿಯುತ್ತದೆಂದು ಹಗ್ಗ ಬಿಟ್ಟು ಅಳೆದುಕೊಂಡು ಹೋಗುವುದು ಒಳ್ಳೆಯದು.